ನಲವತ್ತು ದಿನದ ತೂಕ

ಸೂರಪ್ಪನ ಮನೆಯಲ್ಲಿ ಮುಂಚಿನಿಂದ ಒಂದು ಪದ್ಧತಿ ನಡೆದುಬಂದಿತ್ತು. ಮಕ್ಕಳು ಮೊಮ್ಮಕ್ಕಳಲ್ಲಿ ಯಾರೇ ಹೊಸದಾಗಿ ಒಂದು ಕಸುಬಿಗೆ ಕೈ ಹಾಕಲಿ, ಆ ಕಸುಬಿಗೆ ಬೇಕಾದ ಒಂದು ಸಾಮಾನನ್ನು ಮನೆಯ ಹಿರಿಯನೇ ಕೊಡಬೇಕು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮಗ್ಗದ ಮುಂದಿಟ್ಟು ಕೈಮುಗಿದು, ಆಮೇಲೆ ಕೊಡಬೇಕು. ತಗೊಂಡವರು ನಲವತ್ತು ದಿನ ಅದನ್ನು ಒಂದು ದಿನವೂ ತಪ್ಪಿಸದೆ ಬಳಸಬೇಕು. ಸೂರಪ್ಪನಿಗೆ ಅವನಪ್ಪ ಕೊಟ್ಟದ್ದು ಲಾಳಿ. ದೊಡ್ಡ ಮೊಮ್ಮಗ ದುರುಗೇಶ್ ಲಾರಿ ಹತ್ತಿದಾಗ ಸೂರಪ್ಪ ಕೊಟ್ಟದ್ದು ಪಾನಾ ಸೆಟ್ಟು. ಎರಡನೆಯವನು ಅಂಜನ್ ಚಳ್ಳಕೆರೆಯಲ್ಲಿ ಮೊಬೈಲ್ ರಿಪೇರಿ ಕಲಿಯೋಕೆ ಹೋದಾಗ ಕೊಟ್ಟದ್ದು ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರುಗಳ ಡಬ್ಬಿ.

ಈಗ ಮಗಳು ಗೀತಮ್ಮನ ಮಗಳು ರಶ್ಮಿತಾಳ ಸರದಿ ಬಂದಿತ್ತು. ಅವಳು ಕೈ ಹಾಕಿದ್ದು ಗಾಲ್ಫ್ ಆಟಕ್ಕೆ.

ಮೊಳಕಾಲ್ಮೂರಿನ ಆ ನೇಕಾರರ ಬೀದಿಯಲ್ಲಿ ಹಂಗಂದರೆ ಏನು ಅಂತ ಬಲ್ಲವರು ಯಾರೂ ಇರಲಿಲ್ಲ. ಗೀತಮ್ಮ ಕುದಾಪುರದ ಹತ್ತಿರ ಒಂದು ಸಂಸ್ಥೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿಕೊಂಡಿದ್ದಳು. ಕುದಾಪುರದಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ರಶ್ಮಿತಾ ಪಿಯುಸಿ ಮುಗಿಸಿ ಅದೇ ಸಂಸ್ಥೆಯ ಆವರಣದಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದಳು. ಆವರಣದ ಒಂದು ಮೂಲೆಗೆ ಒಂಬತ್ತು ಕುಳಿಗಳ ಗಾಲ್ಫ್ ಮೈದಾನ. ದೂರದಿಂದ ಕೋಲು ಬೀಸಿ ಹೊಡೆದು ಹೊಡೆದು, ಸಣ್ಣ ಚೆಂಡನ್ನು ಆದಷ್ಟು ಕಡಿಮೆ ಏಟಿನಲ್ಲಿ ಕುಳಿಗೆ ಬೀಳಿಸಬೇಕು, ಅಷ್ಟೇ ಆಟ. ಬೇರೆ ಊರುಗಳಲ್ಲಿ ಕುಳಿಯ ಸುತ್ತ ಹಸಿರು ಹುಲ್ಲು ಇರುತ್ತದಂತೆ. ಇಲ್ಲಿನ ನೆಲಕ್ಕೆ ಅದು ಎಲ್ಲಿಂದ ಬರಬೇಕು? ಎಣ್ಣೆ ಬೆರೆಸಿದ ಮರಳು ಹಾಕಿ ಅಂಗಳದ ಹಾಗೆ ಮಾಡಿದ್ದರು. ಆ ಮರಳನ್ನು ದಿನಾ ಎಳೆದು ಸಮ ಮಾಡುವುದು ರಶ್ಮಿತಾಳ ಕೆಲಸ. ಮರಳು ಎಳೆಯುತ್ತ ಆಟ ನೋಡಿದಳು. ನೋಡಿ ನೋಡಿ ಒಂದು ದಿನ ಯಾರೋ ಮರೆತುಹೋಗಿದ್ದ ಕೋಲು ಎತ್ತಿಕೊಂಡು ತಾನೂ ಒಂದೇಟು ಹೊಡೆದಳು. ಅಲ್ಲಿನ ಅಧಿಕಾರಿಯೊಬ್ಬರ ಹೆಂಡತಿ ಶಶಿರೇಖಾ ಅದನ್ನು ಕಂಡರು. ಪ್ರಾಯದಲ್ಲಿ ಊರೂರು ತಿರುಗಿ ಆಡಿದವರು ಅವರು. ಬೈಯುವುದು ಬಿಟ್ಟು, "ಇನ್ನೊಂದು ಹೊಡಿ ನೋಡೋಣ" ಅಂದರು.

ಅದಾಗಿ ಮೂರು ವರ್ಷ. ಸಂಜೆ ಸಂಜೆ ಶಶಿರೇಖಾ ಮೇಡಂ ಅವಳಿಗೆ ಕಲಿಸಿದರು. ಈ ಸಲ ಹೊರಗಿನಿಂದ ಮೂವರು ಆಯ್ಕೆಗಾರರು ಇದೇ ಮೈದಾನಕ್ಕೆ ಬಂದು, ಸುತ್ತಲ ನಾಲ್ಕು ಜಿಲ್ಲೆಯ ಹುಡುಗಿಯರಲ್ಲಿ ಒಬ್ಬಳನ್ನು ಆರಿಸುತ್ತಾರೆ, ಒಂದು ವರ್ಷ ಪುಕ್ಕಟೆ ತರಬೇತಿ, ಆಮೇಲೆ ಕಲಿಸುವ ಕೆಲಸವೇ ಸಿಗುತ್ತದೆ ಅಂತ ಸುದ್ದಿ ಬಂತು. ಇಪ್ಪತ್ತೆರಡು ತುಂಬಿದವರಿಗೆ ಅವಕಾಶ ಇಲ್ಲ. ರಶ್ಮಿತಾಳಿಗೆ ಸಂಕ್ರಾಂತಿ ಕಳೆದರೆ ಇಪ್ಪತ್ತೆರಡು. ಅಂದರೆ ಇದೊಂದೇ ಸಲ.

ಆ ಸುದ್ದಿ ಕೇಳಿದ ದಿನದಿಂದ ಸೂರಪ್ಪನಿಗೆ ಅದೇ ಯೋಚನೆ. ಏನು ಕೊಡುವುದು?

"ಕೋಲು ಹಿಡಿದು ಚೆಂಡು ಹೊಡಿಯೋಳಿಗೆ ಏನ್ ಕೊಡ್ತೀರಿ, ಇನ್ನೊಂದು ಕೋಲಾ?" ಅಂದಳು ಹೆಂಡತಿ ಯರ್ರಮ್ಮ, ರಾಟೆಯ ಮುಂದೆ ಕೂತು ರೇಷ್ಮೆ ಸುತ್ತುತ್ತ. "ನಮ್ಮನೇಲಿ ಕೋಲು ಹಿಡಿದೋರು ಅಂದ್ರೆ ನಿಮ್ಮಪ್ಪ ಒಬ್ನೇ. ಅದೂ ನಾಯಿ ಓಡ್ಸಾಕೆ."

"ಸುಮ್ನಿರೇ. ಚಳ್ಳಕೆರೆಗೆ ಹೋಗಿ ಅಂಜನ್‌ನ ಕೇಳ್ತೀನಿ. ಅವನ ಫೋನಲ್ಲಿ ಎಲ್ಲಾ ಐತೆ."

ಹೋದ. ಅಂಜನ್ ಕೂತಿದ್ದದ್ದು ಬಸ್‌ಸ್ಟ್ಯಾಂಡ್ ಎದುರಿನ ಒಂದು ಗೂಡಂಗಡಿಯಲ್ಲಿ. ತಾತನಿಗೆ ಒಂದು ಸ್ಟೂಲು ಹಾಕಿ, ಬಿಚ್ಚಿದ ಫೋನುಗಳನ್ನು ಪಕ್ಕಕ್ಕೆ ಸರಿಸಿ, ತನ್ನ ಫೋನಿನಲ್ಲಿ ಒಂದೊಂದೇ ತೋರಿಸಿದ.

"ಇದು ಗ್ಲೌಸು ತಾತ. ಒಂದೇ ಕೈಗೆ ಹಾಕ್ಕೊಳ್ಳೋದು."

"ಒಂದೇ ಕೈಗಾ? ಇನ್ನೊಂದು ಯಾರಿಗೆ ಕೊಡ್ತಾರೆ?"

"ಒಂದೇ ಮಾರ್ತಾರೆ. ನೋಡು, ಇದು ಚಾಪೆ. ಇದರ ಮೇಲೆ ಹೊಡೆದ್ರೆ ಸ್ಟಿಕ್ ಎಲ್ಲಿ ತಗುಲ್ತು ಅಂತ ಗುರುತು ಬೀಳ್ತದೆ. ಇದು ಬಲೆ. ಹಿತ್ತಿಲಲ್ಲಿ ಕಟ್ಕೊಂಡು ಹೊಡೀಬಹುದು."

"ಬಲೆ ಎಷ್ಟು?"

ಅಂಜನ್ ಬೆಲೆ ಹೇಳಿದ. ಸೂರಪ್ಪ ಮುಂದಿನದು ತೋರಿಸು ಅನ್ನುವ ಹಾಗೆ ಗಲ್ಲ ಆಡಿಸಿದ.

"ಇದು ಅಗ್ಗ ನೋಡು ತಾತ, ಐನೂರರ ಒಳಗೆ. ಎರಡು ಕಡ್ಡಿ. ನೆಲದ ಮೇಲೆ ಇಟ್ಕೊಂಡು ಕಾಲು ನೆಟ್ಟಗೆ ಐತಾ ಅಂತ ನೋಡ್ಕೊಳ್ಳೋಕಂತೆ."

ಸೂರಪ್ಪನಿಗೆ ನಗು ಬಂತು. "ಎರಡು ಕಡ್ಡಿಗೆ ಐನೂರು! ನಮ್ಮ ಮನೆ ಹಿಂದೆ ಬಾ, ಗಾಡಿಗಟ್ಟಲೆ ಕೊಡ್ತೀನಿ, ಮಾರ್ಕೊ."

ಅಂಜನ್ ಕೂಡ ನಕ್ಕ. ಆಮೇಲೆ ಬಂದದ್ದು ದಪ್ಪ ತಲೆಯ ಒಂದು ಕೋಲು. ಮಾಮೂಲಿ ಕೋಲಿಗಿಂತ ಎರಡು ಪಟ್ಟು ತೂಕ, ಇದನ್ನು ಬೀಸಿ ಬೀಸಿ ಅಭ್ಯಾಸ ಮಾಡಿದರೆ ಏಟಿಗೆ ಬಲ ಬರುತ್ತದೆ ಅಂತ ಅದರ ಕೆಳಗೆ ಬರೆದಿದೆ ಅಂತ ಅಂಜನ್ ಓದಿ ಹೇಳಿದ. ಬೆಲೆ ಮೂರು ಸಾವಿರದ ಮೇಲೆ.

ಸೂರಪ್ಪ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ ಕೂತ. ಈ ವಿದ್ಯೆ ಅವನಿಗೆ ಗೊತ್ತಿತ್ತು. ಅವನಪ್ಪ ಅವನಿಗೆ ಮೊದಲು ಕೊಟ್ಟದ್ದು ಎಲ್ಲರ ಲಾಳಿಯಲ್ಲ. ಎರಡೂ ಮೂತಿಗೆ ಕಬ್ಬಿಣ ಬಡಿದ ಲಾಳಿ. ನಲವತ್ತು ದಿನ ಆ ಭಾರದ ಲಾಳಿ ಎಸೆದು, ನಲವತ್ತೊಂದನೆಯ ದಿನ ಮಾಮೂಲಿ ಲಾಳಿ ಹಿಡಿದಾಗ ಅದು ಹೂವಿನ ಹಾಗೆ ಕೈಯಿಂದ ಕೈಗೆ ಹಾರಿತ್ತು. ಆ ಬೀದಿಯ ಗಂಡುಮಕ್ಕಳೆಲ್ಲ ಹಂಗೇ ಕಲಿತವರು. ಗಾಲ್ಫ್‌ನವರೂ ಅದನ್ನೇ ಮಾಡುತ್ತಾರೆ ಅಂದಮೇಲೆ ಇನ್ನೇನು?

"ಇದನ್ನ ನಾನೇ ಮಾಡ್ತೀನಿ" ಅಂದ.

ಮನೆಯಲ್ಲಿ ಹಳೆಯ ಜಕಾರ್ಡ್ ಮಗ್ಗ ಬಿಚ್ಚಿ ಹಾಕಿ ಹತ್ತು ವರ್ಷವಾಗಿತ್ತು. ಅದರಲ್ಲಿ ಎಳೆಗಳನ್ನು ಕೆಳಕ್ಕೆ ಜಗ್ಗಲು ಕಟ್ಟುತ್ತಿದ್ದ ಸೀಸದ ಕಡ್ಡಿಗಳು ಡಬ್ಬಿ ತುಂಬ ಇದ್ದವು. ಸೂರಪ್ಪ ಅವನ್ನು ಒಪ್ಪವಾಗಿ ಜೋಡಿಸಿ, ನಡುನಡುವೆ ದಾರ ಹಾಕಿ ಅಲುಗಾಡದಂತೆ ಬಿಗಿದು, ಹೊರಗೆ ಉಳಿಕೆ ರೇಷ್ಮೆಯ ಒಂದು ಪಟ್ಟಿ ನೇಯ್ದು ಹೊದಿಸಿದ. ನೇರಳೆ ಬಣ್ಣ, ಅಂಚಿಗೆ ಸಣ್ಣ ರುದ್ರಾಕ್ಷಿ ಗೀರು. ಕೋಲಿನ ಕುತ್ತಿಗೆಗೆ ಸುತ್ತಿ ಲಾಡಿ ಬಿಗಿದರೆ ಕದಲುತ್ತಿರಲಿಲ್ಲ. ನಾಲ್ಕು ದಿನ ಹಿಡಿಯಿತು. ಯರ್ರಮ್ಮನೂ ಕೈಯಲ್ಲಿ ಹಿಡಿದು ನೋಡಿ, "ಅಬ್ಬಾ, ಮಗಾನ ಎತ್ಕೊಂಡಂಗೈತೆ" ಅಂದಳು.

ಲೆಕ್ಕ ಹಾಕಿ ದಿನವನ್ನೂ ನೋಡಿದ. ಆಯ್ಕೆಗೆ ನಲವತ್ತಮೂರು ದಿನ ಇತ್ತು. ಶುಕ್ರವಾರ ರಶ್ಮಿತಾ ಬಂದಾಗ ಮಗ್ಗದ ಮುಂದೆ ಕೂರಿಸಿ, ಕುಂಕುಮ ಇಟ್ಟು, ಎರಡೂ ಕೈಗೆ ಕೊಟ್ಟ.

"ದಿನಾ ನೂರು ಸಲ ಬೀಸು ಪಾಪ. ಒಂದಿನಾನೂ ತಪ್ಪಿಸ್ಬೇಡ."

ರಶ್ಮಿತಾ ಅದನ್ನು ಹಿಡಿದು ತೂಗಿದಳು. ಒಂದು ಗಳಿಗೆ ಏನೋ ಹೇಳುವವಳ ಹಾಗೆ ಬಾಯಿ ತೆರೆದಳು. ತಾತನ ಮುಖ ನೋಡಿದಳು. ಆಮೇಲೆ ಬಗ್ಗಿ ಕಾಲುಮುಟ್ಟಿ, "ಬಣ್ಣ ಎಷ್ಟು ಚೆಂದ ಐತೆ ತಾತ" ಅಂದಳು.

ದಿನಾ ಸಂಜೆ ಏಳಕ್ಕೆ ಸೂರಪ್ಪ ಫೋನು ಮಾಡುತ್ತಿದ್ದ. ಬೇರೆ ಮಾತಿಲ್ಲ. "ಬೀಸಿದ್ಯಾ?" "ಬೀಸಿದೆ ತಾತ." "ನೂರು?" "ನೂರು." ಫೋನು ಇಟ್ಟು ಗೋಡೆಯ ಕ್ಯಾಲೆಂಡರಿನ ಆ ದಿನದ ಮೇಲೆ ಒಂದು ಗೀಟು ಎಳೆಯುತ್ತಿದ್ದ. ಅವನಿಗೆ ಆ ಗೀಟು ಎಳೆಯುವಾಗ ಆಗುತ್ತಿದ್ದ ಸಂತೋಷ ಇಷ್ಟು ಅಂತ ಹೇಳುವ ಹಾಗಿರಲಿಲ್ಲ.

ಮೂವತ್ತೊಂದನೆಯ ಗೀಟಿನ ದಿನ ಭಾನುವಾರ. ರಶ್ಮಿತಾ ಬಂದಿದ್ದಳು. ಅಜ್ಜಿ ಟೀ ಕಾಸಲು ಎದ್ದಾಗ ರಾಟೆಯ ಮುಂದೆ ಕೂತು ತಾನೇ ಕಂಡಿಕೆ ಸುತ್ತಿಕೊಟ್ಟಳು. ಲಾಳಿಯೊಳಗೆ ಕೂರುವ ಆ ಪುಟ್ಟ ಕಂಡಿಕೆಗೆ ರೇಷ್ಮೆ ಸುತ್ತುವ ಕೆಲಸ ಅವಳಿಗೆ ಎಂಟನೆಯ ವಯಸ್ಸಿನಿಂದ ಗೊತ್ತು. ಬಲಗೈ ಚಕ್ರ ತಿರುಗಿಸಬೇಕು, ಎಡಗೈ ಎಳೆ ಹಿಡಿದು ಆಚೆ ಈಚೆ ಸಮನಾಗಿ ನಡೆಸಬೇಕು. ಸೂರಪ್ಪ ಅವಳು ಕೊಟ್ಟ ಕಂಡಿಕೆ ಹಾಕಿಕೊಂಡು ನೇಯಲು ಶುರುಮಾಡಿದ. ನಾಲ್ಕು ಸಲ ಲಾಳಿ ಓಡಿತು. ಐದನೆಯ ಸಲ ಎಳೆ ತಡೆಯಿತು. ಬಿಡಿಸಿ ಮತ್ತೆ ಎಸೆದ. ಮತ್ತೆ ತಡೆಯಿತು.

ಕಂಡಿಕೆ ತೆಗೆದು ಬೆಳಕಿಗೆ ಹಿಡಿದು ನೋಡಿದ. ಎಳೆ ಒಂದು ಕಡೆ ಗುಡ್ಡೆ, ಒಂದು ಕಡೆ ಗುಳಿ. ಎಂಟು ವರ್ಷದ ಮಗು ಸುತ್ತಿದರೂ ಇದಕ್ಕಿಂತ ಚೆನ್ನಾಗಿರುತ್ತಿತ್ತು.

ಮಗ್ಗದ ಕುಣಿಯಿಂದ ಮೇಲಕ್ಕೆ ಎದ್ದು ಬಂದ. ರಶ್ಮಿತಾ ಎಡಗೈಯನ್ನು ವೇಲಿನ ಒಳಗೆ ಸೇರಿಸಿಕೊಂಡಳು.

"ಕೈ ತೋರ್ಸು ಪಾಪ."

"ಏನಿಲ್ಲ ತಾತ."

"ಏನಿಲ್ದಿದ್ರೆ ತೋರ್ಸು."

ಮಣಿಕಟ್ಟಿಗೆ ಚರ್ಮದ ಬಣ್ಣದ ಪಟ್ಟಿ ಸುತ್ತಿತ್ತು. ಪಟ್ಟಿಯ ಎರಡೂ ಕಡೆ ಕೈ ಊದಿ ಹೊಳೆಯುತ್ತಿತ್ತು.

"ಗಾಡಿ ಮೇಲಿಂದ ಬಿದ್ದೆ. ನಮ್ಮ ಮೈದಾನ ಕಾಯೋ ಕೆಂಚಣ್ಣನ ಸ್ಕೂಟಿ ತಗೊಂಡು ಹೋಗಿದ್ನಲ್ಲ, ಜಲ್ಲಿ ಮೇಲೆ ಜಾರ್ತು."

ಸೂರಪ್ಪ ಅವಳ ಮೊಣಕೈ ನೋಡಿದ, ಅಂಗೈ ನೋಡಿದ. ಜಲ್ಲಿಯ ಮೇಲೆ ಬಿದ್ದವರ ಮೈಮೇಲೆ ಒಂದು ತರಚೂ ಇರುವುದಿಲ್ಲವೆ? ಯರ್ರಮ್ಮ ಟೀ ತಂದಳು. ಕುಡಿದರು. ಸಂಜೆಯ ಬಸ್ಸಿಗೆ ಮೊಮ್ಮಗಳನ್ನು ಹತ್ತಿಸಿ ಬಂದು, ಸೂರಪ್ಪ ಗೀತಮ್ಮನಿಗೆ ಫೋನು ಹಚ್ಚಿದ.

"ನಿಜ ಹೇಳವ್ವ."

ಗೀತಮ್ಮ ದನಿ ತಗ್ಗಿಸಿದಳು. "ನಿನಗೆ ಹೇಳ್ಬೇಡ ಅಂತ ನನ್ನ ಕೈಲಿ ಆಣೆ ಹಾಕ್ಸೈತೆ ಆ ಹುಡುಗಿ."

"ಆಣೆ ನನ್ನ ತಲೆ ಮೇಲಿರ್ಲಿ. ಹೇಳು."

ಶಶಿರೇಖಾ ಮೇಡಂ ಮೊದಲಿಂದಲೂ ರಶ್ಮಿತಾಳಿಗೆ ಹೇಳಿದ್ದರಂತೆ, ಭಾರದ ಕೋಲು ಮುಟ್ಟಬೇಡ, ನಿನ್ನ ಮಣಿಕಟ್ಟು ಸಣ್ಣದು, ಇಲ್ಲಿನ ನೆಲ ಬಂಡೆ ಅಂತ. ಆದರೆ ತಾತ ಕುಂಕುಮ ಹಚ್ಚಿ ಕೊಟ್ಟದ್ದನ್ನು ಮೂಲೆಗೆ ಹಾಕುವುದು ಹೇಗೆ? ಹಾಗಾಗಿ ಬೆಳಗಿನ ಜಾವ ಊರ ಹಿಂದಿನ ಹೊಲಕ್ಕೆ ಹೋಗಿ ಬೀಸುತ್ತಿದ್ದಳು. ಇಪ್ಪತ್ತಾರನೆಯ ದಿನ ಕೋಲು ಕೆಳಗಿಳಿದಾಗ ಸೀಸದ ಭಾರಕ್ಕೆ ಅಂಕೆ ತಪ್ಪಿ ಗಟ್ಟಿನೆಲಕ್ಕೆ ಬಡಿಯಿತು. ಚಳ್ಳಕೆರೆಯಲ್ಲಿ ಡಾಕ್ಟರು ಮೂಳೆ ಮುರಿದಿಲ್ಲ, ಒಳಗೆ ಸ್ನಾಯು ಹರಿದಿದೆ, ಮೂರ್ನಾಲ್ಕು ವಾರ ಬೀಸುವಂತಿಲ್ಲ ಅಂದರು.

"ಆಮೇಲೂ ದಿನಾ ನೂರು ಅಂತ ಹೇಳ್ತಿದ್ಳಲ್ಲೇ?"

"ಬಲಗೈ ಒಂದರಲ್ಲೇ ಬೀಸ್ತಿದ್ಳಪ್ಪ. ನಿನಗೆ ಸುಳ್ಳು ಹೇಳ್ಬಾರದು ಅಂತ."

ಗೀತಮ್ಮನ ಮಾತು ಇನ್ನೂ ಮುಗಿದಿರಲಿಲ್ಲ. ಮೇಡಂ ಕೈ ನೋಡಿ, "ಭಾರದ್ದು ಏನಾದ್ರೂ ಬೀಸಿದ್ಯಾ?" ಅಂತ ನೇರವಾಗಿ ಕೇಳಿದರು. ರಶ್ಮಿತಾ ಇಲ್ಲ ಅಂದಳು, ಗಾಡಿಯಿಂದ ಬಿದ್ದೆ ಅಂದಳು. ಮೈದಾನ ಕಾಯುವ ಕೆಂಚಣ್ಣ ಅವಳು ಹೊಲದಲ್ಲಿ ಬೀಸುವುದನ್ನು ಕಂಡಿದ್ದ, ಹೇಳಿಬಿಟ್ಟ. ಮೇಡಂ ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಇಲ್ಲ ಅಂದಳು. ಮೇಡಂ ಆಯ್ಕೆಯ ಪಟ್ಟಿಯಿಂದ ಅವಳ ಹೆಸರು ತೆಗೆದರು.

ಫೋನು ಇಟ್ಟಮೇಲೆ ಯರ್ರಮ್ಮ ಗಂಡನ ಮುಖ ನೋಡಿ ಎಲ್ಲವನ್ನೂ ಕೇಳಿ ತಿಳಿದಳು. ಅವಳ ಬಾಯಲ್ಲಿ ಆವತ್ತು ಚೇಷ್ಟೆಯ ಮಾತು ಬರಲಿಲ್ಲ. "ನಾಳೆ ಮೊದಲ ಬಸ್ಸಿಗೆ ಹೋಗ್ರಿ. ಆಯಮ್ಮನ ಕಾಲಿಗಾದ್ರೂ ಬೀಳ್ರಿ" ಅಂದಳು. ಆ ಸಂಜೆ ಕ್ಯಾಲೆಂಡರಿನ ಮೇಲೆ ಗೀಟು ಬೀಳಲಿಲ್ಲ.

ಬೆಳಿಗ್ಗೆ ಬಸ್ಸು ಹಾನಗಲ್ ದಾಟಿತು, ಬಿ.ಜಿ. ಕೆರೆ ದಾಟಿತು. ಕಿಟಕಿಯ ಆಚೆ ಶೇಂಗಾ ಕಿತ್ತ ಹೊಲಗಳು. ಸೂರಪ್ಪನ ಕಣ್ಣ ಮುಂದೆ ಮಾತ್ರ ಅವನಪ್ಪ. ಕಬ್ಬಿಣದ ಮೂತಿಯ ಲಾಳಿಯನ್ನು ಅವನು ಎಷ್ಟು ಸಲ ನೆನೆಸಿಕೊಂಡಿದ್ದನೋ. ಅದರ ಜೊತೆಗಿದ್ದ ಇನ್ನೊಂದು ಈಗ ನೆನಪಾಯಿತು. ಮೊದಲ ಇಪ್ಪತ್ತು ದಿನ ಅಪ್ಪ ತನ್ನ ನೇಯ್ಗೆ ನಿಲ್ಲಿಸಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ಅವನ ಅಂಗೈ ಸೂರಪ್ಪನ ಮೊಣಕೈ ಕೆಳಗೆ. ಕೈ ಸೋತಿತು ಅನ್ನುವುದು ಸೂರಪ್ಪನಿಗಿಂತ ಮೊದಲು ಅಪ್ಪನಿಗೆ ಗೊತ್ತಾಗುತ್ತಿತ್ತು. "ಸಾಕು, ಏಳು" ಅನ್ನುತ್ತಿದ್ದ. ಅರವತ್ತು ವರ್ಷದಲ್ಲಿ ಲಾಳಿ ನೆನಪಿತ್ತು, ಆ ಅಂಗೈ ಮರೆತುಹೋಗಿತ್ತು.

ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಕುದಾಪುರದ ಕಡೆಗೆ ಹೋದ. ಸಂಸ್ಥೆಯ ಗೇಟಿನಲ್ಲಿ ಪಾಸು ಕೇಳಿದರು. ಪಾಸು ಅವನ ಬಳಿ ಎಲ್ಲಿ? ಒಂದೂವರೆ ಗಂಟೆ ಹೊರಗೆ ನಿಂತ. ಕೊನೆಗೆ ಗೀತಮ್ಮ ಹೇಳಿ ಕಳಿಸಿದಳೆಂದು ಒಳಗಿನಿಂದ ಸೈಕಲ್ ತುಳಿದುಕೊಂಡು ಒಬ್ಬ ನರೆತ ಮೀಸೆಯವನು ಬಂದು ಸಹಿ ಹಾಕಿ ಅವನನ್ನು ಒಳಗೆ ಕರೆದುಕೊಂಡ.

"ನಾನು ಕೆಂಚಣ್ಣ. ಮೇಡಂಗೆ ಹೇಳಿದ್ದು ನಾನೇ ಯಜಮಾನ್ರೆ" ಅಂದ, ಸೈಕಲ್ ತಳ್ಳಿಕೊಂಡು ನಡೆಯುತ್ತ. "ಬೈಯೋದಿದ್ರೆ ಇಲ್ಲೇ ಬೈದ್ಬಿಡ್ರಿ. ಒಳಗೆ ಹೋದ್ಮೇಲೆ ನಂಗೆ ಮರ್ಯಾದೆ ಐತೆ."

"ನಿನ್ನ ಯಾಕಪ್ಪ ಬೈಲಿ. ನೀನು ಕಂಡದ್ದು ಹೇಳಿದೆ."

"ಹಂಗಂದ್ರೆ ಇನ್ನೂ ಕಷ್ಟ ಆಗ್ತದೆ ನೋಡ್ರಿ" ಅಂದ ಕೆಂಚಣ್ಣ.

ಶಶಿರೇಖಾ ಮೇಡಂ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಏನೋ ಬರೆಯುತ್ತಿದ್ದರು. ಅರವತ್ತರ ಹತ್ತಿರದ ಹೆಂಗಸು, ತಲೆಗೆ ಟೋಪಿ, ಬಿಸಿಲಿಗೆ ಕಪ್ಪಾದ ಕೈಗಳು. ಸೂರಪ್ಪ ಚೀಲದಿಂದ ನೇರಳೆ ರೇಷ್ಮೆ ಹೊದಿಸಿದ ಸೀಸದ ಪಟ್ಟಿ ತೆಗೆದು ಅವರ ಮುಂದಿನ ಮೇಜಿನ ಮೇಲೆ ಇಟ್ಟ. ಅದನ್ನು ಬರುವಾಗ ಗೀತಮ್ಮನ ಕೋಣೆಯಿಂದ ತಂದಿದ್ದ.

"ರಶ್ಮಿತಾ ತಾತ ನಾನು. ಇದು ನಾನು ಮಾಡಿಕೊಟ್ಟಿದ್ದು ತಾಯಿ."

ಅವರು ಕೈಯಲ್ಲಿ ತೂಗಿ ನೋಡಿದರು. ಲಾಡಿ ನೋಡಿದರು, ಹೊಲಿಗೆ ನೋಡಿದರು. "ಕೆಲಸ ಚೆನ್ನಾಗಿ ಮಾಡಿದೀರಿ" ಅಂದರು. ಹೊಗಳಿಕೆಯ ಹಾಗೆ ಕೇಳಿಸಲಿಲ್ಲ. "ಕೊಡೋಕೆ ಮುಂಚೆ ನನ್ನನ್ನೋ ಅವಳನ್ನೋ ಒಂದು ಮಾತು ಕೇಳಬಹುದಿತ್ತು."

"ಕೊಡೋ ಸಾಮಾನಿನ ವಿಚಾರ ಮೊದಲೇ ಬಾಯಿ ಬಿಡಲ್ಲ ತಾಯಿ ನಮ್ಮಲ್ಲಿ."

"ಅವಳಿಗೆ ಬೇಕಾಗಿದ್ದು ಬಲ ಅಲ್ಲ. ನಿಲ್ಲುವಾಗ ಪಾದ ಓರೆ ಹೋಗ್ತವೆ. ಐನೂರು ರೂಪಾಯಿ ಒಳಗೆ ಎರಡು ಕಡ್ಡಿ ಬರ್ತವೆ, ನೆಲದ ಮೇಲೆ ಇಟ್ಕೊಳ್ಳೋದು. ಅದು ಸಾಕಿತ್ತು."

ಸೂರಪ್ಪನಿಗೆ ಅಂಜನ್‌ನ ಅಂಗಡಿಯಲ್ಲಿ ನಕ್ಕ ತನ್ನ ನಗು ತನಗೇ ಕೇಳಿಸಿದ ಹಾಗಾಯಿತು.

"ಅವಳ ಹೆಸರು ಮತ್ತೆ ಬರ್ಕೊಳ್ಳಿ ತಾಯಿ. ತಪ್ಪು ನಂದು."

"ಹೆಸರು ತೆಗೆದದ್ದು ಕೈ ನೋವಿಗಲ್ಲ ಯಜಮಾನ್ರೆ. ಎರಡು ಸಲ ಕೇಳಿದೆ, ಎರಡು ಸಲವೂ ಸುಳ್ಳು ಹೇಳಿದಳು. ಈ ಆಟದಲ್ಲಿ ಎಷ್ಟು ಏಟು ಹೊಡೆದೆ ಅಂತ ಆಡೋರೇ ಬರ್ಕೊಳ್ಳೋದು. ಪಕ್ಕದಲ್ಲಿ ಯಾರೂ ಇರಲ್ಲ."

"ಆ ಸುಳ್ಳೂ ನಂದೇ. ಅವಳ ಬಾಯಲ್ಲಿ ಬಂತು, ಅಷ್ಟೇ."

"ಇಪ್ಪತ್ತೊಂದು ವರ್ಷದವಳು. ಸುಳ್ಳು ಅವಳದೇ" ಅಂದರು ಮೇಡಂ. ಮೈದಾನದ ಕಡೆ ನೋಡಿದರು. ದೂರದಲ್ಲಿ ರಶ್ಮಿತಾ ಒಂದೇ ಕೈಯಲ್ಲಿ ಮರಳು ಎಳೆಯುತ್ತಿದ್ದಳು. "ಕರೀರಿ ಅವಳನ್ನ."

ಕೆಂಚಣ್ಣ ಸಿಳ್ಳೆ ಹಾಕಿದ. ರಶ್ಮಿತಾ ಬಂದಳು. ತಾತನನ್ನು ಕಂಡು, ಮೇಜಿನ ಮೇಲಿನ ನೇರಳೆ ಬಣ್ಣ ಕಂಡು, ಅಲ್ಲೇ ನಿಂತಳು.

"ಭಾರದ್ದು ಏನಾದ್ರೂ ಬೀಸಿದ್ಯಾ?" ಮೇಡಂ ಮೂರನೆಯ ಸಲ ಕೇಳಿದರು.

ಅವಳು ತಾತನ ಕಡೆ ನೋಡಿದಳು. ಸೂರಪ್ಪನಿಗೆ ತಲೆ ಆಡಿಸಬೇಕು ಅನ್ನಿಸಿತು, ಆಡಿಸಲಿಲ್ಲ.

"ಬೀಸಿದೆ ಮೇಡಂ. ದಿನಾ ನೂರು."

"ನಾನು ಬೇಡ ಅಂದದ್ದು ನೆನಪಿತ್ತಾ?"

"ಇತ್ತು."

ಮೇಡಂ ಪೆನ್ನಿನ ಮುಚ್ಚಳ ತೆಗೆದು ಪಟ್ಟಿಯ ಕೊನೆಗೆ ಹೆಸರು ಬರೆದರು. "ಆಯ್ಕೆಗೆ ನಿಲ್ಲಬಹುದು. ಆದ್ರೆ ದೊಡ್ಡ ಸ್ವಿಂಗ್ ಒಂದೂ ಇಲ್ಲ. ಕುಳಿ ಹತ್ತಿರದ ಸಣ್ಣ ಹೊಡೆತ ಮಾತ್ರ. ಬಂದೋರಿಗೆ ನಾನೇ ಮೊದಲು ಹೇಳ್ತೀನಿ. ಅಷ್ಟಕ್ಕೇ ಆರಿಸ್ತಾರಾ ಅಂತ ಕೇಳಬೇಡಿ, ನನಗೆ ಗೊತ್ತಿಲ್ಲ."

ಹನ್ನೆರಡು ದಿನ ಕಳೆಯಿತು. ಊತ ಇಳಿಯಿತು, ನೋವು ಪೂರ್ತಿ ಹೋಗಲಿಲ್ಲ. ಆಯ್ಕೆಯ ದಿನ ಸೂರಪ್ಪ ಮಗಳ ಜೊತೆ ಹಗ್ಗದ ಆಚೆ ನಿಂತಿದ್ದ. ಬಂದಿದ್ದ ಹುಡುಗಿಯರು ಆರು ಜನ. ಐವರು ಬೀಸಿದರು, ಚೆಂಡುಗಳು ಆಕಾಶಕ್ಕೆ ಹೋಗಿ ಎಲ್ಲಿ ಬಿದ್ದವೋ ಸೂರಪ್ಪನ ಕಣ್ಣಿಗೆ ಕಾಣಲಿಲ್ಲ. ಆಗೆಲ್ಲ ರಶ್ಮಿತಾ ಕೈಕಟ್ಟಿ ನಿಂತಿದ್ದಳು.

ಮರಳಿನ ಅಂಗಳಕ್ಕೆ ಬಂದಾಗ ಮಾತ್ರ ಬೇರೆಯಾಯಿತು. ಆ ಮರಳನ್ನು ಮೂರು ವರ್ಷ ಎಳೆದವಳು ಅವಳು. ಎಲ್ಲಿ ಇಳುಕಲು, ಎಲ್ಲಿ ಎಣ್ಣೆ ಹೆಚ್ಚು, ಎಲ್ಲಿ ಚೆಂಡು ನಿಧಾನವಾಗುತ್ತದೆ, ಎಲ್ಲ ಅವಳ ಅಂಗಾಲಿಗೆ ಗೊತ್ತು. ಹತ್ತು ಚೆಂಡಿಗೆ ಎಂಟು ಕುಳಿಗೆ ಬಿದ್ದವು. ಬಂದಿದ್ದ ಮೂವರಲ್ಲಿ ಕನ್ನಡಕದ ಹೆಂಗಸು ಬರೆಯುವುದು ನಿಲ್ಲಿಸಿ ನೋಡಿದಳು. ಮೂವರೂ ತಲೆ ಹತ್ತಿರ ತಂದು ಮಾತಾಡಿಕೊಂಡರು. ಆಮೇಲೆ ಅವರಲ್ಲಿ ಎತ್ತರದವನು ಹತ್ತಿರ ಬಂದ.

"ಒಂದೇ ಒಂದು ಫುಲ್ ಸ್ವಿಂಗ್ ತೋರಿಸಮ್ಮ. ಜೋರಾಗಿ ಬೇಡ. ಅದಿಲ್ಲದೆ ನಾವು ನಂಬರ್ ಹಾಕೋಕೆ ಬರಲ್ಲ."

ರಶ್ಮಿತಾ ಮೇಡಂ ಕಡೆ ನೋಡಿದಳು. ಮೇಡಂ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. ಅವಳು ಹೋಗಿ ಚೀಲದಿಂದ ಉದ್ದದ ಕೋಲು ತೆಗೆದಳು. ಗೀತಮ್ಮ ಅಪ್ಪನ ತೋಳು ಹಿಡಿದುಕೊಂಡಳು. ಸೂರಪ್ಪನಿಗೆ 'ಬೇಡ' ಅಂತ ಕೂಗಬೇಕು ಅನ್ನಿಸಿತು. ಕೂಗಿದರೆ ಮತ್ತೆ ತನ್ನ ಮಾತೇ ಅವಳ ಕೈಯನ್ನು ಹಿಡಿದಂತಾಗುತ್ತದೆ. ಕೂಗದಿದ್ದರೆ ಆ ಕೈ ಇವತ್ತು ಪೂರ್ತಿ ಹೋಗಬಹುದು. ಅವನು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದ.

ಅವಳು ನಿಂತಳು. ಕೋಲು ಹಿಡಿದಳು. ಎಡಗೈಯ ಕಿರುಬೆರಳು ಮುಚ್ಚಲು ಒಪ್ಪದೆ ಮೇಲೇ ಉಳಿಯಿತು. ಆ ಬೆರಳನ್ನು ಅವಳು ಒಂದು ಗಳಿಗೆ ನೋಡಿದಳು.

"ಆಗಲ್ಲ ಸರ್. ಕೈ ಇನ್ನೂ ಬಂದಿಲ್ಲ" ಅಂದು ಕೋಲನ್ನು ಚೀಲಕ್ಕೆ ಹಾಕಿದಳು.

ನಾಲ್ಕು ಗಂಟೆಗೆ ಹೆಸರು ಓದಿದರು. ಹಿರಿಯೂರು ಕಡೆಯ ಹುಡುಗಿಯೊಬ್ಬಳದು. ಮೇಡಂ ರಶ್ಮಿತಾಳ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು, ಬಂದವರನ್ನು ಕಳಿಸಲು ಹೋದರು. ಕುರ್ಚಿಗಳನ್ನು ಎತ್ತಿದರು. ಹಗ್ಗ ಬಿಚ್ಚಿದರು. ಗೀತಮ್ಮ ಕಣ್ಣೊರೆಸಿಕೊಂಡು ಕ್ಯಾಂಟೀನಿನ ರಾತ್ರಿ ಅಡುಗೆಗೆ ಹೊರಟಳು. ರಶ್ಮಿತಾ ಮಾತ್ರ ಸಣ್ಣ ಕೋಲು ಹಿಡಿದು ಮರಳಿನ ಅಂಗಳದಲ್ಲೇ ಉಳಿದಳು.

ಸೂರಪ್ಪ ಚಪ್ಪಲಿ ಬಿಟ್ಟು ಮೆಲ್ಲಗೆ ಹತ್ತಿರ ಹೋದ.

"ಪಾಪ, ನನ್ನ ದೆಸೆಯಿಂದ ನಿನಗೆ..."

"ತಾತ, ಸುಮ್ನಿರು." ಅವಳು ತಲೆ ಎತ್ತಲಿಲ್ಲ. "ನಂಗೆ ಸಿಟ್ಟು ಐತೆ. ನಿನ್ನ ಮೇಲೇ ಐತೆ. ಇಲ್ಲ ಅಂತ ಸುಳ್ಳು ಹೇಳಲ್ಲ."

ಇಷ್ಟು ವರ್ಷದಲ್ಲಿ ಅವಳು ಅವನಿಗೆ ಹಾಗೆ ಮಾತಾಡಿದ್ದಿಲ್ಲ. ಆ ಮನೆಯಲ್ಲಿ ಯಾರೂ ಮಾತಾಡಿದ್ದಿಲ್ಲ. ಸೂರಪ್ಪ ನಿಂತಲ್ಲೇ ನಿಂತ.

"ಇರ್ಲಿ" ಅಂದ. "ಎಷ್ಟು ದಿನ ಇರ್ತದೆ?"

"ಗೊತ್ತಿಲ್ಲ."

ಅವಳು ಚೆಂಡು ತಳ್ಳಿದಳು. ಕುಳಿಯ ಅಂಚು ಸವರಿ ಆಚೆ ಹೋಯಿತು. ಇನ್ನೊಂದು ತಳ್ಳಿದಳು, ಅದೂ ಹೋಯಿತು. ಒಣಗಾಳಿ ಬೀಸಿ ಮರಳು ಸಣ್ಣಗೆ ಎದ್ದಿತು. ಸೂರಪ್ಪ ಹೋಗಲಿಲ್ಲ.

"ಅಲ್ಲಿ ನಿಂತ್ರೆ ನೆರಳು ಬೀಳ್ತದೆ" ಅಂದಳು ಕೊನೆಗೆ. "ಎದುರಿಗೆ ಬಾ. ಹಾಂ, ಅಲ್ಲೇ. ಹೊಡಿಯುವಾಗ ನನ್ನ ತಲೆ ಅಲ್ಲಾಡ್ತದಾ ನೋಡು. ಮೇಡಂ ಇಲ್ದಾಗ ನೋಡೋರಿಲ್ಲ."

"ಆಯ್ತು."

ಅವಳು ಚೆಂಡಿನ ಮೇಲೆ ಬಾಗಿದಳು. ಸೂರಪ್ಪ ಅವಳ ಬೈತಲೆಯ ಗೆರೆಯ ಮೇಲೆ ಕಣ್ಣಿಟ್ಟ. ನೇಯ್ಗೆಯಲ್ಲಿ ಒಂದು ಎಳೆ ಸರಿದರೂ ಹಿಡಿಯುವ ಕಣ್ಣು ಅದು. ಕೋಲು ಚೆಂಡಿಗೆ ತಗುಲಿತು. ಚೆಂಡು ಉರುಳಿ ಉರುಳಿ, ಇಳುಕಲಿನಲ್ಲಿ ಬಾಗಿ, ಟಕ್ ಅಂತ ಕುಳಿಗೆ ಬಿತ್ತು.

ರಶ್ಮಿತಾ ತಲೆ ಎತ್ತಿದಳು. ಬೆಳಗಿನಿಂದ ಮೊದಲ ಸಲ ಅವಳ ಮುಖ ಸ್ವಲ್ಪ ತಿಳಿಯಾಗಿತ್ತು. ಚೆಂಡು ಕುಳಿಯಲ್ಲಿ ಬಿದ್ದಿದೆ, ಇನ್ನೇಕೆ ಹೇಳಬೇಕು ಅಂತ ಸೂರಪ್ಪನಿಗೆ ಅನ್ನಿಸಿತು. ಇವತ್ತೊಂದು ದಿನ ಸುಮ್ಮನಿದ್ದರೆ ಏನಾಯಿತು?

"ಅಲ್ಲಾಡ್ತು" ಅಂದ.

ಅವಳು ಹೋಗಿ ಕುಳಿಯಿಂದ ಚೆಂಡು ತೆಗೆದು, ಮತ್ತೆ ಮೊದಲಿದ್ದ ಜಾಗಕ್ಕೇ ತಂದು ಇಟ್ಟಳು.